ಉಸಿರು ಬಿಟ್ಟ ಬೋರು

ಕಾರ್ಖಾನೆಗಳು ಹೊರಗೆ ಬಿಡುವ ನೀರನ್ನು ನೋಡುವುದು ಕೊಪ್ಪಳದ ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ನನ್ನ ಕೆಲಸವಾಗಿತ್ತು. ದೂರು ಬಂದರೆ ಹೋಗುತ್ತಿದ್ದೆವು, ಬರದಿದ್ದರೂ ಆಗಾಗ ಹೋಗಿ ನೋಡಿ ಬರುತ್ತಿದ್ದೆವು. ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ನೀರು ಕಪ್ಪಾಗಿದೆ, ನೊರೆ ಬಂದಿದೆ, ನಾತ ಹೊಡೆಯುತ್ತಿದೆ, ಮೀನು ಸತ್ತು ತೇಲುತ್ತಿವೆ. ನೀರು ತೀರಾ ಚೆನ್ನಾಗಿದೆ ಎಂದು ಯಾರೂ ದೂರು ಕೊಡುವುದಿಲ್ಲ. ಆ ಬೇಸಿಗೆಯಲ್ಲೂ ಯಾರೂ ಕೊಡಲಿಲ್ಲ. ಚಹಾದ ಹೊತ್ತಿನಲ್ಲಿ ಕಚೇರಿಯ ಜವಾನ ತನ್ನ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ, ಅಷ್ಟೆ.

ಯಲಬುರ್ಗಾದ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಅಲ್ಲಿ ಚಳಿಗಾಲದಲ್ಲೇ ಬತ್ತಿಹೋಗುವ ಹಳ್ಳದಲ್ಲಿ, ನಡುಬೇಸಿಗೆಯಲ್ಲಿ ಗಂಗವ್ವ ಎದ್ದಿದ್ದಾಳೆ ಎಂದು ವಿಡಿಯೊದ ಹಿನ್ನೆಲೆಯಲ್ಲಿ ಯಾರೋ ಕೂಗಿ ಹೇಳುತ್ತಿದ್ದರು. ಒಬ್ಬ ಹೆಂಗಸು ಕಿಲುಬು ಹಿಡಿದು ಕಪ್ಪಾದ ಹಿತ್ತಾಳೆ ತಂಬಿಗೆಯನ್ನು ನೀರಿನಲ್ಲಿ ಮುಳುಗಿಸಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದು, ಸೆರಗಿನಿಂದ ಒರೆಸಿ ಮೇಲೆತ್ತಿದಳು. ತಂಬಿಗೆ ಬಂಗಾರದ ಹಾಗೆ ಹೊಳೆಯಿತು. ಸುತ್ತ ನಿಂತವರು ಕೈಮುಗಿದರು.

ನಮ್ಮದು ಕುಷ್ಟಗಿಯಲ್ಲಿ ಜೋಳ, ತೊಗರಿ ವ್ಯಾಪಾರದ ಮನೆ. ಹಬ್ಬ ಬಂತೆಂದರೆ ಅವ್ವ ದೇವರ ಸಾಮಾನುಗಳನ್ನೆಲ್ಲ ಅಂಗಳದಲ್ಲಿ ಹರವಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಹಿತ್ತಾಳೆ ಹೊಳೆಯಬೇಕಾದರೆ ಹುಳಿ ಬೇಕು. ತಂಬಿಗೆಯ ಆ ಹೊಳಪನ್ನು ನಾನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದೆ. ಜವಾನ ನಗುತ್ತ, "ನೀವೂ ನಿಮ್ಮ ತಂಬಿಗಿ ತಗೊಂಡು ಹೋಗ್ರಿ ಬಾಯಾರ," ಎಂದ. ನನಗೆ ನಗು ಬರಲಿಲ್ಲ.

ಮರುದಿನವೇ ಹೊರಟೆ. ಎರಡೂ ಕಡೆ ಉತ್ತು ಬಿಟ್ಟ ಕೆಂಪು ಹೊಲಗಳು, ನಡುವೆ ಅಲ್ಲಲ್ಲಿ ಒಣಗಿದ ಜಾಲಿಗಿಡ. ರಸ್ತೆ ಬಿಟ್ಟು ಬಂಡಿದಾರಿಗೆ ಇಳಿಯುವ ಮೊದಲು ಎಡಗಡೆ ಒಂದು ಕಾರ್ಖಾನೆ ಬರುತ್ತದೆ, ಕಬ್ಬಿಣದ ಪೈಪು ಮಾಡುವುದು. ಅದು ನಮ್ಮ ಕಚೇರಿಗೆ ಗೊತ್ತಿದ್ದದ್ದೇ. ಪೈಪಿನ ತುಕ್ಕು ತೆಗೆಯಲು ಅವುಗಳನ್ನು ಆಸಿಡ್ ತೊಟ್ಟಿಗಳಲ್ಲಿ ಅದ್ದಿ ತೆಗೆಯುತ್ತಾರೆ. ಕೆಲಸ ಮುಗಿದ ಆಸಿಡ್ಡನ್ನು ಲಾರಿಯಲ್ಲಿ ತುಂಬಿ, ಅದನ್ನು ಶುದ್ಧ ಮಾಡುವ ಬೇರೆ ಕಡೆಗೆ ಕಳಿಸಬೇಕೆಂಬುದು ಅವರಿಗೆ ಕೊಟ್ಟ ಅನುಮತಿಯ ಷರತ್ತು. ಒಂದು ಹನಿಯನ್ನೂ ಹೊರಗೆ ಬಿಡುವಂತಿಲ್ಲ.

ಹಳ್ಳದ ದಂಡೆಯಲ್ಲಿ ಆಗ ಜನ ಇರಲಿಲ್ಲ, ಬಿಸಿಲೇರಿತ್ತು. ಚಾಲಕ ಜೀಪಿನ ನೆರಳಿನಲ್ಲೇ ಕೂತ. ನಾನೊಬ್ಬಳೇ ಇಳಿದೆ.

ಅಷ್ಟು ತಿಳಿಯಾದ ನೀರನ್ನು ನಾನು ಈ ಸೀಮೆಯಲ್ಲಿ ನೋಡಿರಲಿಲ್ಲ. ಮುನಿರಾಬಾದಿನಲ್ಲಿ ಆಣೆಕಟ್ಟಿನ ನೀರೂ ಇಷ್ಟು ತಿಳಿ ಇರುವುದಿಲ್ಲ. ಬಂಡೆಗಳ ನಡುವಿನ ಮಡುವಿನಲ್ಲಿ ನೀರಿದೆ ಎಂದು ತಿಳಿಯುತ್ತಿದ್ದದ್ದೇ ತಳದಿಂದ ಏಳುವ ಗುಳ್ಳೆಗಳಿಂದ. ಒಂದೊಂದೇ ಗುಳ್ಳೆ ಎದ್ದು, ಮೇಲೆ ಬಂದು, ಸದ್ದಿಲ್ಲದೆ ಒಡೆಯುತ್ತಿತ್ತು. ನೀರಿಗೆ ಬಹಳ ತೆಳುವಾದ ಹಸಿರು ಛಾಯೆ ಇತ್ತು. ತಳದಲ್ಲಿ ಬೇವಿನ ಎಲೆಗಳು ಹಾಸಿದಂತೆ ಬಿದ್ದಿದ್ದವು, ಒಂದೂ ಕೊಳೆತಿರಲಿಲ್ಲ. ಜನ ಅರ್ಪಿಸಿದ ಚೆಂಡುಹೂಗಳು ಮುಳುಗಿ, ಬಣ್ಣ ಕಳೆದುಕೊಂಡು, ಎಸಳೊಂದೂ ಉದುರದೆ ಹಾಗೇ ಕೂತಿದ್ದವು. ಎಲೆಗಳ ನಡುವೆ ಒಂದು ಕಪ್ಪೆ ಕಾಲು ಚಾಚಿ ಬಿದ್ದಿತ್ತು, ಈಗಷ್ಟೇ ನೆಗೆಯಲಿದೆ ಎನ್ನುವ ಹಾಗೆ. ಕಡ್ಡಿಯಿಂದ ಮುಟ್ಟಿದೆ. ಅದು ಯಾವತ್ತೋ ಸತ್ತಿತ್ತು.

ಆಮೇಲೆ ಗಮನಕ್ಕೆ ಬಂತು, ಅಲ್ಲಿ ಸದ್ದೇ ಇರಲಿಲ್ಲ. ಬೇಸಿಗೆಯಲ್ಲಿ ಇಷ್ಟು ನೀರು ಇದ್ದ ಕಡೆ ಗುಬ್ಬಿ ಬರಬೇಕು, ಕಣಜ ಬರಬೇಕು, ನೀರ ಮೇಲೆ ಓಡಾಡುವ ಹುಳು ಇರಬೇಕು. ಏನೂ ಇರಲಿಲ್ಲ. ಒಂದು ನೊಣವೂ ನನ್ನ ಮುಖದ ಮೇಲೆ ಕೂಡಲಿಲ್ಲ. ಹೆಂಗಸರು ಬಟ್ಟೆ ಒಗೆಯಲೆಂದು ಪಂಚಾಯಿತಿಯವರು ಕಟ್ಟಿಸಿದ ಸಿಮೆಂಟು ಕಟ್ಟೆಯನ್ನು ನೀರು ತಿಂದುಹಾಕಿತ್ತು. ಸಿಮೆಂಟು ಕರಗಿ, ಒಳಗಿನ ಜಲ್ಲಿಕಲ್ಲು ಹಲ್ಲುಗಳಂತೆ ಎದ್ದು ಕಾಣುತ್ತಿದ್ದವು.

ನಾನು ಹುಳಿ ಅಳೆಯುವ ಯಂತ್ರದ ಕಡ್ಡಿಯನ್ನು ನೀರಿಗೆ ಇಳಿಬಿಟ್ಟೆ. ನಿಂಬೆರಸಕ್ಕೆ ಬರಬೇಕಾದ ಅಂಕಿ ಬಂತು.

"ದೇವರಿಗೂ ಜ್ವರ ನೋಡ್ತೀರೇನ್ರಿ ಬಾಯಾರ?"

ಬೆಚ್ಚಿ ತಿರುಗಿದೆ. ದಂಡೆಯ ಮೇಲೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನಿಂತಿದ್ದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಎಮ್ಮೆ ಹೊಡೆಯುವ ಕೋಲು. ಬಂದ ಸಪ್ಪಳವೇ ಆಗಿರಲಿಲ್ಲ. ಹಳ್ಳಕ್ಕೆ ಹತ್ತಿದ ಹೊಲ ಆಕೆಯದು, ನೀರು ಮೊದಲು ಕಂಡದ್ದೂ ಆಕೆಗೇ. ಗಂಡ ತೀರಿಕೊಂಡ ಮೇಲೆ ಎಮ್ಮೆಗಳನ್ನು ಸಾಕಿ, ಹಾಲು ಹಾಕಿ, ಹೊಲವನ್ನು ತಾನೇ ನೋಡಿಕೊಂಡಿದ್ದವಳು. ಈಗ ಬಂಡೆಯ ಮೇಲೆ ಒಂದು ಕಲ್ಲು ನಿಲ್ಲಿಸಿ, ಅರಿಷಿಣ ಹಚ್ಚಿ, ದಿನಾ ಪೂಜೆ ಮಾಡುತ್ತಿದ್ದಳು.

"ಅಕ್ಕಾರ, ಈ ನೀರು ಯಾರಾದರೂ ಕುಡಿದಾರೇನ್ರಿ?" ಎಂದು ಕೇಳಿದೆ.

"ಬಾಯಾಗ ಹಾಕ್ಕೊಂಡು ಉಗುಳ್ಯಾರ. ಹುಳಿ ಐತ್ರಿ. ಗಂಗವ್ವ ಇನ್ನಾ ಸಿಟ್ಟಿನಾಗ ಅದಾಳ, ಪೂಜಾ ನಡದಂಗ ನಡದಂಗ ಸಿಹಿ ಆಕ್ಕಾಳ."

"ನಿಮ್ಮ ಎಮ್ಮಿ?"

"ಎಮ್ಮಿ ಇಳಿಯಂಗಿಲ್ರಿ. ದಂಡಿಗೆ ಬಂದು ನಿಂದರ್ತಾವ, ನೀರು ನೋಡ್ತಾವ, ಹೊಳ್ಳಿ ಹೋಗ್ತಾವ. ದೇವರ ನೀರಂತ ಅವಕ್ಕೂ ಗೊತ್ತಾಗ್ತದೇನೋ."

ಇದು ದೇವರಲ್ಲ ಆಸಿಡ್ಡು ಎಂದು ನಾನು ಹೇಳಿದೆ. ಮೃದುವಾಗಿ ಹೇಳಬಹುದಿತ್ತು, ಆದರೆ ಕಪ್ಪೆಯನ್ನು ನೋಡಿದ ಮೇಲೆ ನನಗೆ ಮೃದುತನ ಉಳಿದಿರಲಿಲ್ಲ. ಆಕೆ ಸಿಟ್ಟಾಗಲಿಲ್ಲ. "ನಿಮ್ಮ ಯಂತ್ರಕ್ಕ ಏನ್ ಕಾಣ್ತದೋ ಅದನ್ನ ಅದು ಹೇಳ್ತದ್ರಿ," ಎಂದಷ್ಟೇ ಹೇಳಿ ಕಲ್ಲಿಗೆ ಕೈಮುಗಿದಳು. ಹೊರಡುವಾಗ ನನ್ನ ನಂಬರು ಬರೆದುಕೊಟ್ಟೆ. ಎಮ್ಮೆಗೋ ಮನುಷ್ಯರಿಗೋ ಏನಾದರೂ ಆದರೆ ಫೋನ್ ಮಾಡಿ ಎಂದೆ. ಅದನ್ನು ಆಕೆ ರವಿಕೆಯೊಳಗೆ ಇಟ್ಟುಕೊಂಡಳು. ನೀರು ಮುಟ್ಟಬೇಡಿ ಎಂಬ ಫಲಕವೊಂದನ್ನು ಹಾಕಿಸಿದೆವು. ವಾರದೊಳಗೆ ಅದಕ್ಕೂ ಕುಂಕುಮ ಬಿದ್ದಿತ್ತು.

ಹಳ್ಳದ ಮೇಲ್ಭಾಗವನ್ನೆಲ್ಲ ನಡೆದು ನೋಡಿದ್ದೆ. ಒಂದು ಕೊಳವೆ ಇರಲಿಲ್ಲ, ಗಟಾರ ಇರಲಿಲ್ಲ, ಮಣ್ಣು ಒದ್ದೆಯಾದ ಗುರುತೂ ಇರಲಿಲ್ಲ. ಉಸುಕು ಒಣಗಿ ಬಿಳುಪೇರಿತ್ತು. ಮೇಲೆ ಒಣ ಹಳ್ಳ, ಕೆಳಗೆ ಒಣ ಹಳ್ಳ, ನಡುವೆ ಈ ಮಡು. ನೀರು ಎಲ್ಲಿಂದಲೂ ಹರಿದು ಬಂದಿರಲಿಲ್ಲ, ಕೆಳಗಿನಿಂದ ಎದ್ದಿತ್ತು.

ನಾನು ಮತ್ತು ನಮ್ಮ ಹಿರಿಯ ಅಧಿಕಾರಿ ಕಾರ್ಖಾನೆಗೆ ಹೋದೆವು. ವ್ಯವಸ್ಥಾಪಕರು ಹೊರಗಿನ ಊರಿನವರು, ಸಭ್ಯ ಮನುಷ್ಯ. ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಎಲ್ಲ ಅಚ್ಚುಕಟ್ಟು. ದಾರಿಯ ಎರಡೂ ಬದಿ ಕಣಗಿಲೆ ಗಿಡ, ಆಸಿಡ್ ತೊಟ್ಟಿಗಳ ಸುತ್ತ ಒಣ ನೆಲ, ಬಳಸಿದ ಆಸಿಡ್ ತುಂಬಿಡುವ ಟಾಕಿಗೆ ಬೀಗ.

"ಬೇಕಾದರೆ ಗೋಡೆ ಸುತ್ತ ಒಂದು ಸುತ್ತು ಹಾಕಿ ಬನ್ನಿ ಮೇಡಂ," ಎಂದರು ಅವರು. "ಒಂದು ಹನಿ ಹೊರಗೆ ಹೋಗಿದ್ದರೆ ತೋರಿಸಿ."

ಸುತ್ತು ಹಾಕಿದೆವು. ಒಂದು ಹನಿಯೂ ಹೊರಗೆ ಹೋಗಿರಲಿಲ್ಲ. ಮರಳುವಾಗ ಹಿರಿಯರು, "ಹಳ್ಳಕ್ಕೂ ಇದಕ್ಕೂ ನಡುವ ಎಷ್ಟು ಹೊಲ ಅದಾವ ನೋಡವಾ. ನೀರೇನು ಭೂಮಿ ಒಳಗ ನಡಕೊಂಡು ಹೋಗ್ತೈತೇನು?" ಎಂದರು.

ಹಳ್ಳದ ದಂಡೆಯಲ್ಲಿ ಕಂಡ ಆ ಹೆಂಗಸಿನ ಫೋನು ಬಂದದ್ದು ಒಂದು ಮಧ್ಯಾಹ್ನ. ದನಿ ಸಣ್ಣದಾಗಿತ್ತು.

"ಬಾಯಾರ, ನನ್ನ ಕರ ಸತ್ತೈತ್ರಿ. ಮೈಮ್ಯಾಲ ಒಂದ್ ಗಾಯ ಇಲ್ಲ. ಊರಾಗ ಎಲ್ಲಾರೂ ಗಂಗವ್ವ ಬಲಿ ತಗೊಂಡಾಳ ಅನ್ನಾಕತ್ತಾರ. ಮುಂದ ಮನಶಾರು ಅಂತ. ನೀವು ಬರ್ರಿ."

ಕರು ಹಳ್ಳದ ಹತ್ತಿರ ಸತ್ತಿರಲಿಲ್ಲ. ಆಕೆಯ ಹೊಲದ ಇನ್ನೊಂದು ತುದಿಯಲ್ಲಿ, ಕಾರ್ಖಾನೆಯ ಕಡೆಗೆ, ಮಣ್ಣು ತೆಗೆದು ತಗ್ಗಾದ ಜಾಗವೊಂದಿತ್ತು. ಅದರೊಳಗೆ, ಅಂಚಿನ ಹತ್ತಿರವೇ, ಹಳೆಯ ಬೋರಿನ ಕಬ್ಬಿಣದ ಕೊಳವೆ ಮೊಣಕಾಲೆತ್ತರ ನಿಂತಿತ್ತು. ಗಂಡ ಬದುಕಿದ್ದಾಗ ಕೊರೆಸಿದ್ದಂತೆ. ನೀರು ಬಿದ್ದಿರಲಿಲ್ಲ. ಬಾಯಿಗೆ ಒಂದು ಚಪ್ಪಡಿ ಕಲ್ಲು ಮುಚ್ಚಿ ಬಿಟ್ಟಿದ್ದರು. ಎಮ್ಮೆಕರು ಬಿಸಿಲಿಗೆ ತಂಪು ಹುಡುಕಿಕೊಂಡು ಆ ತಗ್ಗಿನಲ್ಲಿ ಮಲಗಿದೆ, ಮತ್ತೆ ಎದ್ದಿಲ್ಲ. ನಾನು ಹೋದಾಗಲೂ ಹಾಗೇ ಮಲಗಿತ್ತು, ಮೂತಿಯನ್ನು ಮುಂಗಾಲ ಮೇಲೆ ಇಟ್ಟುಕೊಂಡು, ನಿದ್ದೆಯಲ್ಲಿದ್ದಂತೆ.

"ಇದನ್ನ ಕೇಳ್ರಿ ಮೊದಲ," ಎಂದಳು ಆಕೆ.

ಕಿವಿಗೊಟ್ಟೆ. ಚಪ್ಪಡಿಯ ಸಂದಿಯಿಂದ ಸದ್ದು ಬರುತ್ತಿತ್ತು. ಖಾಲಿ ಸೀಸೆಯ ಬಾಯಿಗೆ ಊದಿದಾಗ ಬರುವಂಥ, ದಪ್ಪನೆಯ, ಎಳೆದ ಸದ್ದು. ಹೂಂ ಎಂದು ಏಳುವುದು, ಸ್ವಲ್ಪ ಇಳಿಯುವುದು, ಮತ್ತೆ ಏಳುವುದು. ಸುತ್ತ ಗಾಳಿ ಇರಲಿಲ್ಲ. ಜಾಲಿಯ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಯಾವಾಗಿನಿಂದ?"

"ನೀರು ಎದ್ದಾಗಿಂದ. ದಿನಾ ಮಧ್ಯಾಹ್ನ ಮ್ಯಾಲ ಶುರು ಆಕ್ಕೈತಿ, ದೀಪ ಹಚ್ಚೂ ಹೊತ್ತಿಗೆ ನಿಂದರ್ತೈತಿ. ಭೂಮ್ತಾಯಿ ಉಸಿರು ಬಿಡ್ತಾಳ ಅಂತ ನಾನು ಇಲ್ಲೂ ದೀಪ ಇಟ್ಟೆ. ಗಾಳಿ ಇಲ್ಲ ಏನಿಲ್ಲ, ಇಟ್ಟ ಕೂಡ್ಲೆ ಆರಿಹೋತು. ಮತ್ತ ಹಚ್ಚಿದೆ, ಮತ್ತ ಆರಿತು. ಯಾರೋ ಬೆರಳಿನಾಗ ಹಿಚಿಕಿದಂಗ."

ಆ ಮಾತಿನಲ್ಲೇ ಎಲ್ಲ ಇತ್ತು. ದೀಪ ಆರಿಸುವ ಗಾಳಿ ಯಾವುದೆಂದು ನಾನು ಓದಿದವಳು, ನಿಂತಲ್ಲೇ ತಿಳಿಯಬೇಕಿತ್ತು. ಆದರೆ ನನ್ನ ಕಣ್ಣು ಕರುವಿನ ಮೇಲಿತ್ತು. ಮಾದರಿ ತೆಗೆಯುವ ಸೀಸೆ ಹಿಡಿದು ತಗ್ಗಿಗೆ ಇಳಿದು, ಕೊಳವೆಯ ಪಕ್ಕ ಮೊಣಕಾಲೂರಿದೆ. ಕೊಳವೆಗೆ ಕೈ ಇಟ್ಟರೆ ಅದು ಸಣ್ಣಗೆ ನಡುಗುತ್ತಿತ್ತು. ಬಾಯಲ್ಲಿ ಸೋಡಾ ಕುಡಿದಂಥ ಹುಳಿ. ಉಸಿರು ತಾನಾಗಿ ಜೋರಾಯಿತು, ಓಡಿ ಬಂದವಳ ಹಾಗೆ. ಎದ್ದು ನಿಲ್ಲಬೇಕು ಅಂದುಕೊಂಡೆ. ಅಂದುಕೊಂಡದ್ದು ಕಾಲಿಗೆ ಮುಟ್ಟಲಿಲ್ಲ. ಕರುವಿನ ಮುಖ ನನ್ನ ಮುಖದ ಸಮಕ್ಕೆ ಬಂತು. ಅದರ ಕಣ್ಣು ತೆರೆದಿದ್ದವು, ರೆಪ್ಪೆಯ ಕೂದಲು ಒಂದೊಂದೂ ಕಾಣುತ್ತಿದ್ದವು. ನನಗೆ ಭಯವಾಗಲಿಲ್ಲ. ಈಗ ನೆನೆದರೆ ಅದೇ ಹೆಚ್ಚು ಭಯವಾಗುತ್ತದೆ. ಇಲ್ಲಿ ತಂಪಾಗಿದೆ, ಮಲಗಬಹುದು ಅನ್ನಿಸಿತು.

ತಲೆ ಹರಿದುಹೋಗುವಷ್ಟು ನೋವಾಯಿತು. ಆಕೆ ಮೇಲಿನಿಂದ ಬಗ್ಗಿ ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು. ತಗ್ಗಿನ ಹೊರಗೆ ತಂದು ಹಾಕಿದಾಗ ನಾನು ಮೀನಿನ ಹಾಗೆ ಬಾಯಿ ತೆರೆದು ತೆರೆದು ಉಸಿರೆಳೆದೆ. ಆಕೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಯ್ಯುತ್ತಿದ್ದಳು.

"ಕರ ಹೋಗೈತಿ ಅಂತ ಹೇಳಿದ್ರೂ ಇಳೀತೀಯಲ್ಲವಾ! ನಿನ್ನ ಹಡದಾಕಿಗೆ ನಾ ಏನಂತ ಹೇಳ್ಲಿ?"

ಬಾಯಾರ ಎಂಬ ಮರ್ಯಾದೆಯ ಮಾತು ಹೋಗಿ ಆಕೆಗೆ ನಾನು ಆಗಲೇ 'ನೀನು' ಆಗಿದ್ದೆ. ಕೊನೆಯವರೆಗೂ ಹಾಗೇ ಉಳಿದೆ.

ದವಾಖಾನೆಯಲ್ಲಿ ಒಂದು ದಿನ ಇಟ್ಟುಕೊಂಡರು. ಮಲಗಿಕೊಂಡೇ ಎಲ್ಲ ಕೂಡಿಸಿ ನೋಡಿದೆ. ಆ ಭಾಗದ ಹೊಲಗಳ ಕೆಳಗೆ ಸುಣ್ಣಕಲ್ಲಿನ ಪದರ ಇದೆ. ಸುಣ್ಣಕ್ಕೆ ಆಸಿಡ್ ತಗುಲಿದರೆ ನೊರೆಯುಕ್ಕಿ ಗಾಳಿ ಹುಟ್ಟುತ್ತದೆ. ಆ ಗಾಳಿ ನಾವು ಉಸಿರಾಡುವ ಗಾಳಿಗಿಂತ ಭಾರ. ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ದೀಪ ಆರಿಸುತ್ತದೆ, ಮಲಗಿದವರನ್ನು ಏಳಗೊಡುವುದಿಲ್ಲ. ಮಡುವಿನ ಗುಳ್ಳೆಗಳೂ ಅದೇ. ಹಾಗಾದರೆ ಎಲ್ಲೋ ಒಂದು ಕಡೆ ಆಸಿಡ್ಡನ್ನು ಮೇಲಿನಿಂದ ಚೆಲ್ಲುತ್ತಿಲ್ಲ, ನೆಲದ ಒಳಗೇ ಇಳಿಸುತ್ತಿದ್ದಾರೆ, ಬೋರಿನೊಳಕ್ಕೆ, ಪಂಪು ಹಚ್ಚಿ. ಒಂದು ಬೋರಿನಲ್ಲಿ ಇಳಿದದ್ದು ಇನ್ನೊಂದರ ಒಳಗಿನ ಗಾಳಿಯನ್ನು ಹೊರಗೆ ನೂಕುತ್ತದೆ. ನೀರು ನಿಜವಾಗಿಯೂ ಭೂಮಿಯ ಒಳಗೇ ನಡೆದುಕೊಂಡು ಹೋಗುತ್ತಿತ್ತು.

ಹಿರಿಯ ಅಧಿಕಾರಿ ಹಾಸಿಗೆಯ ಪಕ್ಕ ಕೂತು ಎಲ್ಲ ಕೇಳಿಸಿಕೊಂಡರು. "ಅವರ ಅಂಗಳದಾಗ ಬೋರು ಎಲ್ಲೈತಿ ಅಂತ ಹೆಂಗ ಹುಡುಕ್ತಿ? ಕಾರ್ಖಾನಿ ಪೂರಾ ಅಗಿಯಾಕ ಆಗ್ತೈತೇನು? ಪಂಪು ಅಲ್ಲಿ ಮೂಲಿಮೂಲಿಗೂ ಅದಾವ."

"ಆಕಿ ಹೊಲದ ಬೋರೇ ಹೇಳ್ತೈತಿ ಸರ್," ಎಂದೆ.

ಕೆಲವು ದಿನ ಬಿಟ್ಟು, ಹೇಳದೆ ಕೇಳದೆ, ಮಧ್ಯಾಹ್ನದ ಮೇಲೆ ಕಾರ್ಖಾನೆಗೆ ಹೋದೆವು. ಹೋಗುವ ಮೊದಲು ಹೊಲಕ್ಕೆ ಹೋಗಿ ಆಕೆಗೆ ಎಲ್ಲ ವಿವರಿಸಿದ್ದೆ. ತಗ್ಗಿಗೆ ಇಳಿಯದೆ, ಅದರ ದಂಡೆಯ ಮೇಲೆ ದೂರ ನಿಲ್ಲಬೇಕು. ಚಪ್ಪಡಿಯ ಸಂದಿಗೆ ಉದ್ದ ಬಿದಿರಿನಿಂದ ಹಳೆಯ ಸೀರೆಯ ಒಂದು ಚೂರು ಸಿಕ್ಕಿಸಿದ್ದೆವು. ಅದು ಹಾರುತ್ತಿದೆಯೋ ಇಲ್ಲವೋ ಫೋನಿನಲ್ಲಿ ಹೇಳಬೇಕು. ಆಕೆ ಕೇಳಿದಳು, "ಇದು ಖರೇ ಅಂತ ಆದ್ರ, ನಮ್ಮ ಗಂಗವ್ವ?"

"ನೀರಿಗೆ ಕೈಮುಗಿದಿದ್ದು ತಪ್ಪಲ್ಲ ಯಕ್ಕಾ. ನೀರಿಗೆ ವಿಷ ಹಾಕಿದ್ದು ತಪ್ಪು."

ಆಕೆ ಫೋನು ಹಿಡಿದುಕೊಂಡು ದಂಡೆಗೆ ಹೋಗಿ ನಿಂತಳು.

ಕಾರ್ಖಾನೆಯ ವಿದ್ಯುತ್ ಕೋಣೆಯಲ್ಲಿ ಗೋಡೆಯ ತುಂಬ ಸ್ವಿಚ್ಚುಗಳು. ನಾನು ವ್ಯವಸ್ಥಾಪಕರಿಗೆ ಹೇಳಿದೆ: ಒಂದೊಂದೇ ವಿಭಾಗದ ಕರೆಂಟು ಬಂದ್ ಮಾಡಿಸುತ್ತ ಹೋಗಿ. ಅವರು ನಕ್ಕರು. "ಏನು ಮೇಡಂ ಇದು?" ಆದರೆ ಎಲೆಕ್ಟ್ರಿಶಿಯನ್‌ಗೆ ತಲೆಯಾಡಿಸಿದರು.

ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲೆ ಇಟ್ಟೆ. ಆಕೆಯ ಉಸಿರಾಟ ಕೇಳುತ್ತಿತ್ತು, ಅದರ ಹಿಂದೆ ಆ ಹೂಂಕಾರ. ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಏನು ಸದ್ದು ಎಂದು ಯಾರೂ ಕೇಳಲಿಲ್ಲ.

"ಅರಿವಿ ಹಾರಾಕತ್ತೈತಿ," ಎಂದಳು ಆಕೆ.

ಪೈಪು ಎಳೆಯುವ ವಿಭಾಗ ಬಂದ್ ಆಯಿತು. ದೂರದಲ್ಲಿ ಯಂತ್ರಗಳ ಗದ್ದಲ ಇಳಿಯಿತು.

"ಹಾರಾಕತ್ತೈತಿ."

ತೊಟ್ಟಿಗಳ ವಿಭಾಗ. "ಹಾರಾಕತ್ತೈತಿ." ತಂಪು ನೀರಿನ ಪಂಪು. "ಇನ್ನಾ ಹಾರಾಕತ್ತೈತಿ ನೋಡವಾ." ಕಚೇರಿ, ದೀಪಗಳು, ಊಟದ ಮನೆ. ಒಂದೊಂದು ಬಂದ್ ಆದಾಗಲೂ ಕಾರ್ಖಾನೆ ಇನ್ನಷ್ಟು ಮೌನವಾಗುತ್ತ ಹೋಯಿತು, ಫೋನಿನೊಳಗಿನ ಆ ಸದ್ದು ಇನ್ನಷ್ಟು ಎದ್ದು ಕೇಳಿತು. ನೆಲದ ಕೆಳಗೆ ಯಾವುದೋ ದೊಡ್ಡ ಪ್ರಾಣಿ ನಮ್ಮನ್ನೇ ಕೇಳಿಸಿಕೊಳ್ಳುತ್ತ ಮಲಗಿದೆ ಎನ್ನಿಸುತ್ತಿತ್ತು.

ಕೊನೆಗೆ ಕೆಳಸಾಲಿನಲ್ಲಿ ಚೀಟಿ ಅಂಟಿಸದ ಒಂದು ಸ್ವಿಚ್ಚು ಉಳಿಯಿತು.

"ಅದು ಯಾವುದಕ್ಕೂ ಹೋಗಲ್ಲ ಮೇಡಂ," ಎಂದರು ವ್ಯವಸ್ಥಾಪಕರು. "ಹಳೇ ಲೈನು."

"ಹಾಗಾದರೆ ಬಂದ್ ಮಾಡಿದರೆ ನಷ್ಟ ಇಲ್ಲವಲ್ಲ."

ಎಲೆಕ್ಟ್ರಿಶಿಯನ್ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ನಮ್ಮ ಹಿರಿಯರೇ ಮುಂದೆ ಬಂದು ಸ್ವಿಚ್ಚು ಕೆಳಗೆಳೆದರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಫೋನಿನಲ್ಲಿ ಆ ಸದ್ದು ಇಳಿಯತೊಡಗಿತು. ಇಳಿದು, ನಡುಗಿ, ನಿಂತೇಹೋಯಿತು.

"ಯಕ್ಕಾ?"

"ನಿಂತತವಾ," ಎಂದಳು. ಅಳುತ್ತಿದ್ದಳು. "ಅರಿವಿ ಬಿತ್ತು. ಉಸಿರು ನಿಂತತಿ."

ಆ ಸ್ವಿಚ್ಚಿನಿಂದ ಹೊರಟ ತಂತಿಯ ಜಾಡು ಹಿಡಿದು ಹೋದೆವು, ವ್ಯವಸ್ಥಾಪಕರೂ ಹಿಂದೆ ಬಂದರು. ಕಾರ್ಖಾನೆಯ ಹಿಂಬದಿಯಲ್ಲಿ, ಮುರಿದ ಪೈಪುಗಳನ್ನು ರಾಶಿ ಹಾಕಿದ ತಗಡಿನ ಶೆಡ್ಡಿನೊಳಗೆ, ರಾಶಿಯ ನಡುವೆ ಒಂದು ಪಂಪು ಇತ್ತು, ಇನ್ನೂ ಬಿಸಿಯಾಗಿತ್ತು. ಅದರಿಂದ ಹೊರಟ ಕೊಳವೆ ನೆಲದೊಳಗಿನ ಹಳೆಯ ಬೋರಿನ ಬಾಯಿಗೆ ಇಳಿದಿತ್ತು. ಬಾಯಿಯ ಸುತ್ತ ನೆಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮೇಲಿನ ತಗಡಿಗೆ ಆವಿ ಬಡಿದು ಬಡಿದು ಜರಡಿಯಂತೆ ತೂತು ಬಿದ್ದಿದ್ದವು. ಆ ತೂತುಗಳಿಂದ ಇಳಿದ ಬಿಸಿಲು ನಮ್ಮೆಲ್ಲರ ಮೈಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು.

"ಲಾರಿ ಬರುವುದು ತಡವಾಗುತ್ತಿತ್ತು ಮೇಡಂ," ಎಂದರು ವ್ಯವಸ್ಥಾಪಕರು. "ಕೆಲವು ದಿನಕ್ಕೆ ಅಂತ ಶುರು ಮಾಡಿದ್ದು."

ಆವತ್ತೇ ಪಂಪಿಗೆ ಮೊಹರು ಹಾಕಿದೆವು. ಕಾರ್ಖಾನೆ ಬಂದ್ ಮಾಡುವ ಆದೇಶ ಬಂತು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಹಳ್ಳಿಗೆ ಟ್ಯಾಂಕರಿನಲ್ಲಿ ನೀರು ಕಳಿಸುವ ವ್ಯವಸ್ಥೆಯಾಯಿತು. ತಗ್ಗಿಗೆ ತಂತಿಬೇಲಿ ಹಾಕಿಸಿದೆವು.

ಇಷ್ಟಕ್ಕೆ ಎಲ್ಲ ಮುಗಿಯಿತು ಎಂದು ನಾನು ತಿಳಿದಿದ್ದೆ. ಒಂದು ಮುಂಜಾನೆ ಆಕೆ ಮತ್ತೆ ಫೋನ್ ಮಾಡಿದಳು.

"ಈಗ ಒಳಗ ಎಳಕೊಳ್ಳಾಕತ್ತೈತಿ."

"ಏನು?"

"ಬೋರು. ಉಸಿರು ಒಳಗ ಎಳಕೊಳ್ಳಾಕತ್ತೈತಿ. ನೀ ಸಿಗಿಸಿದ್ದ ಅರಿವಿ ನುಂಗಿಬಿಟ್ಟೈತಿ."

ಹೋಗಿ ನೋಡಿದೆ. ಬೇಲಿಯ ಹೊರಗಿನಿಂದ ಬಿದಿರಿನ ತುದಿಗೆ ಇನ್ನೊಂದು ಚೂರು ಕಟ್ಟಿ ಸಂದಿಯ ಹತ್ತಿರ ಒಯ್ದೆ. ಬಟ್ಟೆ ಸರ್ರೆಂದು ಒಳಗೆ ತಿರುಗಿ, ಚಪ್ಪಡಿಗೆ ಅಂಟಿಕೊಂಡು, ಬಿಗಿಯಾಯಿತು. ಒಳಗಿನಿಂದ ಯಾರೋ ಹಿಡಿದೆಳೆದಂತಿತ್ತು. ಕಾರಣ ನನಗೆ ಗೊತ್ತಿತ್ತು: ಒಳಗೆ ತುಂಬಿದ್ದ ನೀರು ಮೆಲ್ಲಗೆ ಇಳಿಯುತ್ತಿದೆ, ಅದರ ಹಿಂದೆ ಗಾಳಿ ಇಳಿಯುತ್ತಿದೆ. ಕಾರಣ ಗೊತ್ತಿದ್ದೂ ನಾನು ಬಿದಿರು ಬಿಟ್ಟು ಹಿಂದೆ ಸರಿದೆ. ಆಕೆ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಬಿಸಿಲಿನಲ್ಲಿ ಹಾಗೇ ನಿಂತಿದ್ದೆವು. ನನ್ನ ಅಂಗೈ ಬೆವರಿತ್ತು, ಆಕೆಯದು ತಣ್ಣಗಿತ್ತು. ಮಳೆಗಾಲ ಹತ್ತಿರ ಬರುವ ಹೊತ್ತಿಗೆ ಬೋರು ಗಾಳಿ ಎಳೆಯುವುದೂ ನಿಂತಿತು.

ಮಡು ಬತ್ತಿತು. ಬತ್ತಿದ ತಳದಲ್ಲಿ ಎಲೆ, ಹೂ, ಜನ ಹಾಕಿದ್ದ ಹೊಳೆಯುವ ನಾಣ್ಯಗಳು ಹಾಗೇ ಉಳಿದವು. ನಾಣ್ಯಗಳನ್ನು ಯಾರೂ ಮುಟ್ಟಲಿಲ್ಲ. ಊರಿನಲ್ಲಿ ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. "ನಡುಬ್ಯಾಸಗಿಯೊಳಗ ಬಂದ ನೀರನ್ನ ಓಡಿಸಿದಾಕಿ" ಎಂದು ಒಬ್ಬ ಮುದುಕಿ ನನ್ನೆದುರೇ ಅಂದಳು. ಮಳೆ ಬಂದು ಹಳ್ಳ ಹರಿದಾಗ ಮೊದಲ ನೀರು ಮಡುವಿಗೆ ಮುಟ್ಟುತ್ತಲೇ ಕೆಂಪಗಾಯಿತಂತೆ, ಕುಂಕುಮ ಕದಡಿದ ಹಾಗೆ. ಬಂಡೆಗಳಿಗೆ ಅಂಟಿದ್ದ ಕಬ್ಬಿಣ ಅದು. ಊರವರು ಅದನ್ನು ನೋಡಲು ಮಕ್ಕಳನ್ನು ಬಿಡಲಿಲ್ಲ.

ಕಾರ್ಖಾನೆ ಈಗ ಮತ್ತೆ ನಡೆಯುತ್ತಿದೆ. ಬಳಸಿದ ಆಸಿಡ್ಡನ್ನು ಅಲ್ಲೇ ಶುದ್ಧ ಮಾಡುವ ಘಟಕ ಹಾಕಿಸಿಕೊಂಡಿದ್ದಾರೆ. ಹಳೆಯ ಬೋರಿಗೆ ಕಾಂಕ್ರೀಟು ತುಂಬಿಸಿದ್ದು ನನ್ನ ಕಣ್ಣೆದುರಿಗೇ. ಸುತ್ತಲಿನ ಹೊಲಗಳ ಬಾವಿ, ಬೋರುಗಳಿಂದ ಆಗಾಗ ನೀರು ತಂದು ಪರೀಕ್ಷೆ ಮಾಡಬೇಕೆಂದು ಆದೇಶದಲ್ಲಿ ಸೇರಿಸಿದೆವು. ಆ ವ್ಯವಸ್ಥಾಪಕರು ಈಗ ಅಲ್ಲಿಲ್ಲ.

ನನಗೆ ಗಂಗಾವತಿ ಕಡೆಯ ಕೆಲಸ ಬಂತು. ಇಲ್ಲಿ ಅಕ್ಕಿ ಗಿರಣಿಗಳು. ಭತ್ತ ಬೇಯಿಸಿದ ನೀರಿನ ಹುಳಿನಾತ ಕಾಲುವೆಗುಂಟ ಬರುತ್ತದೆ. ನಾತ ಬಂದರೆ ನನಗೆ ಒಂದು ಥರದ ಸಮಾಧಾನವೇ. ಇಲ್ಲಿ ಮಲಿನ ನೀರು ಮಲಿನವಾಗಿಯೇ ಕಾಣುತ್ತದೆ, ಕಾಗೆ, ನೊಣ ಮುತ್ತಿಕೊಂಡಿರುತ್ತವೆ. ಎಲ್ಲಾದರೂ ತಳ ಕಾಣುವ ನೀರು ಕಂಡರೆ ಮಾತ್ರ ನಾನು ಮೊದಲು ಸುತ್ತ ಕಿವಿಗೊಡುತ್ತೇನೆ. ಗಾಡಿಯಲ್ಲಿ ಜೊತೆಗಿದ್ದವರು ಏನು ಕೇಳುತ್ತಿದ್ದೀರಿ ಎನ್ನುತ್ತಾರೆ. ಕಪ್ಪೆ ಎನ್ನುತ್ತೇನೆ.

ಯಕ್ಕ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಮೊನ್ನೆ ತನ್ನ ಹೊಲದ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಆ ನೀರು ಕಟ್ಟಿ ದಾಳಿಂಬೆ ಸಸಿ ಹಚ್ಚಬಹುದೇ ಎಂದು ಕೇಳಬೇಕಿತ್ತಂತೆ. ಪರೀಕ್ಷೆ ಮಾಡಿಸಿದೆ. ಹೋದ ವರ್ಷಕ್ಕಿಂತ ಹುಳಿ ಕಡಿಮೆಯಾಗಿತ್ತು, ಹೋಗಿರಲಿಲ್ಲ.

"ಇನ್ನಾ ಐತಿ ಯಕ್ಕಾ," ಎಂದೆ. "ಈ ಸಲ ಬ್ಯಾಡ."

"ಎಮ್ಮಿಗೆ?"

"ಎಮ್ಮಿಗೂ ಬ್ಯಾಡ. ಟ್ಯಾಂಕರ್ ನೀರೇ ಕುಡಸು."

"ಆತು ಬಿಡು. ಮಳಿಗಾಲ ಮುಗೀಲಿ, ಇನ್ನೊಂದು ಸೀಸೆ ಕಳಸ್ತೀನಿ," ಎಂದಳು. ಆಮೇಲೆ ಎಮ್ಮೆ ಗಬ್ಬಾದ ಸುದ್ದಿ ಹೇಳಿದಳು, ಉಂಡೆಯೇನು ಎಂದು ಕೇಳಿದಳು, ಫೋನು ಇಟ್ಟಳು.